ಉದ್ಯೋಗ ಕೊಟ್ಟರೆ ಸಾಕೇ?

ಬಡತನ ನೀಗಿದರೆ ಭಯೋತ್ಪಾದಕ ಸಂಘಟನೆಗಳಿಗೆ ಯುವಕರು ಸೇರುವುದು ನಿಲ್ಲುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ಭಾಗಶಃ ಮಾತ್ರ ನಿಂತೀತು. 2001ರ ಸೆಪ್ಟೆಂಬರ್ 11ರ ದಾಳಿಕೋರರ ಮುಂದಾಳು ಮೊಹಮ್ಮದ್ ಅತ್ತಾ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿದವನೇ ಹೊರತು ಹೊಟ್ಟೆಗಿಲ್ಲದೆ ಆ ದಾರಿ ಹಿಡಿದವನಲ್ಲ. ಹಾಗೆಂದು ಆರ್ಥಿಕ ಕಾರಣವನ್ನು ತಳ್ಳಿಹಾಕುವಂತಿಲ್ಲ: ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆಫ್ರಿಕಾದ ಉಗ್ರ ಸಂಘಟನೆಗಳ ಮಾಜಿ ಸದಸ್ಯರನ್ನು ಮಾತನಾಡಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ವಇಚ್ಛೆಯಿಂದ ಸೇರಿದವರಲ್ಲಿ ಶೇ 25ರಷ್ಟು ಮಂದಿ ಉದ್ಯೋಗವನ್ನೇ ಮುಖ್ಯ ಕಾರಣವೆಂದರೆ, ಧರ್ಮವನ್ನು ಹೆಸರಿಸಿದವರು ಶೇ 17 ಮಾತ್ರ.

ಆದರೆ ನನಗೆ ಹೆಚ್ಚು ಗಂಭೀರವಾಗಿ ಕಾಣುವುದು ಅದೇ ಸಂಸ್ಥೆಯ 2017ರ ವರದಿ. ಸಂಘಟನೆ ಸೇರುವ ಕೊನೆಯ ಹೆಜ್ಜೆ ಇಡಿಸಿದ್ದು ಯಾವುದು ಎಂದು ಆಫ್ರಿಕಾದ ಇಂಥವರನ್ನೇ ಕೇಳಿದಾಗ, ಶೇ 71ರಷ್ಟು ಮಂದಿ ಬಂಧುವಿನ ಅಥವಾ ಸ್ನೇಹಿತನ ಹತ್ಯೆ, ಬಂಧನದಂತಹ ಸರ್ಕಾರಿ ಕ್ರಮಗಳತ್ತ ಬೆರಳು ತೋರಿಸಿದರು. ಅಂದಮೇಲೆ ಕಾರ್ಖಾನೆಗಿಂತ ಮೊದಲು ಪೊಲೀಸ್ ಠಾಣೆ ಸರಿಹೋಗಬೇಕು. ಉತ್ತರ ಐರ್ಲೆಂಡ್‌ನಲ್ಲಿ 1998ರ ಶಾಂತಿ ಒಪ್ಪಂದದ ಬೆನ್ನಲ್ಲೇ, ಪ್ರೊಟೆಸ್ಟಂಟರೇ ತುಂಬಿದ್ದ ಪೊಲೀಸ್ ಪಡೆಯನ್ನು ಪುನರ್ರಚಿಸಿ, 2001ರಿಂದ ಹತ್ತು ವರ್ಷ ಹೊಸ ನೇಮಕಾತಿಯಲ್ಲಿ ಅರ್ಧ ಪಾಲನ್ನು ಕ್ಯಾಥೊಲಿಕರಿಗೆ ಮೀಸಲಿಟ್ಟದ್ದು ಪೊಲೀಸರ ಮೇಲೆ ಆ ಸಮುದಾಯದ ನಂಬಿಕೆ ಗಳಿಸಲೆಂದೇ. ಸರ್ಕಾರದ ಮೇಲಿನ ಸಿಟ್ಟು ತಣಿಸಲು ಬರೀ ಚುನಾವಣೆಯಂತೂ ಸಾಲದು. 2011ರ ಕ್ರಾಂತಿಯ ನಂತರ ಮುಕ್ತವಾಗಿ ಮತ ಹಾಕಿದ ಟುನೀಶಿಯಾದಿಂದಲೇ ಸಾವಿರಾರು ಯುವಕರು ಸಿರಿಯಾ, ಇರಾಕ್‌ಗಳ ಉಗ್ರ ಗುಂಪುಗಳನ್ನು ಸೇರಿದರು.