ಕೈಯಿಂದ ದುಡ್ಡು ಹಾಕಿ ಅಪಾಯಕ್ಕೆ ಹೋಗುವುದೇಕೆ?

ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾಲೇಜಿನ ದಿನಗಳಲ್ಲಿ ಕುದುರೆಮುಖ, ಕುಮಾರ ಪರ್ವತ ಎಂದು ಚಾರಣಕ್ಕೆ ಹೋಗುತ್ತಿದ್ದವನು ಕಳೆದ ವರ್ಷ ಉತ್ತರಕಾಶಿಯಲ್ಲಿ ಪರ್ವತಾರೋಹಣದ ಪ್ರಾಥಮಿಕ ತರಬೇತಿ ಮುಗಿಸಿ ಬಂದ. ಈಗ ಆರು ಸಾವಿರ ಮೀಟರ್ ಎತ್ತರದ ಶಿಖರವೊಂದನ್ನು ಹತ್ತಬೇಕೆಂದು ಹಣ ಕೂಡಿಡುತ್ತಿದ್ದಾನೆ. ನನ್ನ ತಂದೆ ಮಲ್ಪೆಯಿಂದ ಮೀನುಗಾರಿಕೆಗೆ ಹೋಗುತ್ತಿದ್ದರು. ಗಾಳಿ ಎದ್ದ ರಾತ್ರಿಗಳಲ್ಲಿ ನನ್ನ ತಾಯಿ ನಿದ್ದೆಗೆಟ್ಟು ಕೂರುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಹೊಟ್ಟೆಪಾಡಿಗಾಗಿ ಅಪಾಯಕ್ಕೆ ಹೋಗುವುದು ನನಗೆ ಅರ್ಥವಾಗುತ್ತದೆ. ಕೈಯಿಂದ ದುಡ್ಡು ಹಾಕಿ ಹೋಗುವುದು ಅರ್ಥವಾಗುವುದಿಲ್ಲ. ಕೇಳಿದರೆ, “ಹೇಳಿದರೂ ನಿನಗೆ ಗೊತ್ತಾಗುವುದಿಲ್ಲ ಅಮ್ಮ” ಎನ್ನುತ್ತಾನೆ. ಇದೇನು ಹುಚ್ಚೇ? ಅಥವಾ ಮನೆಯಲ್ಲಿ ಅವನಿಗೆ ನಾವು ಏನಾದರೂ ಕಡಿಮೆ ಮಾಡಿದ್ದೇವೆಯೇ?
– ಹೆಸರು ಬೇಡ, ಉಡುಪಿ

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ನೀವು ಏನನ್ನೂ ಕಡಿಮೆ ಮಾಡಿಲ್ಲ, ಇದು ಹುಚ್ಚೂ ಅಲ್ಲ. ಮಗ ಬಾಯಿಬಿಟ್ಟು ಹೇಳದಿರುವುದಕ್ಕೂ ನಿಮ್ಮ ಮೇಲಿನ ಅಸಡ್ಡೆ ಕಾರಣವಾಗಿರಲಾರದು. ಬೆಟ್ಟ ಹತ್ತುವವರಿಗೆ ಈ ಪ್ರಶ್ನೆ ಎಂದಿನಿಂದಲೂ ಕಷ್ಟದ್ದೇ. ಎವರೆಸ್ಟನ್ನು ಏಕೆ ಹತ್ತಬೇಕು ಎಂದು ಕೇಳಿದ್ದಕ್ಕೆ ಬ್ರಿಟನ್ನಿನ ಜಾರ್ಜ್ ಮ್ಯಾಲೊರಿ “ಅದು ಅಲ್ಲಿದೆ, ಅದಕ್ಕೆ” ಎಂದರೆಂದು 1923ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷದ ಜೂನ್‌ನಲ್ಲಿ ಅವರು ಜೊತೆಗಾರ ಆ್ಯಂಡ್ರೂ ಇರ್ವಿನ್ ಅವರೊಂದಿಗೆ ಶಿಖರದ ಸಮೀಪ ಕಣ್ಮರೆಯಾದರು. ಮ್ಯಾಲೊರಿ ಅವರ ದೇಹ ಸಿಕ್ಕಿದ್ದು 1999ರಲ್ಲಿ. ಆ ಮಾತನ್ನು ಲೋಕವೆಲ್ಲ ಮೆಚ್ಚಿಕೊಂಡಿದೆ, ಆದರೆ ಮನೆಯಲ್ಲಿ ಕಾಯುವ ತಾಯಿಗೆ ಅದು ಸಾಲದು ಎಂದೇ ನನ್ನ ಭಾವನೆ.

ಅಪಾಯದ ರೋಮಾಂಚನಕ್ಕಾಗಿಯೇ ಇವರು ಹೋಗುತ್ತಾರೆಂಬುದು ಸಾಮಾನ್ಯ ನಂಬಿಕೆ. ತೀವ್ರ ಅನುಭವಗಳ ಹಸಿವು ಕೆಲವರಲ್ಲಿ ಹುಟ್ಟಿನಿಂದಲೇ ಹೆಚ್ಚು ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಝುಕರ್‌ಮನ್ 1960ರ ದಶಕದಿಂದಲೂ ಅಧ್ಯಯನ ಮಾಡಿ ತೋರಿಸಿದರು. ಆದರೆ ಪರ್ವತಾರೋಹಣ ಹೇಗಿರುತ್ತದೆಂದು ಒಮ್ಮೆ ಯೋಚಿಸಿ. ಗಾಳಿ ಇಳಿಯಲೆಂದು ದಿನಗಟ್ಟಲೆ ಡೇರೆಯಲ್ಲಿ ಬಿದ್ದುಕೊಂಡಿರಬೇಕು, ಕುಡಿಯುವ ಪ್ರತಿ ಲೋಟ ನೀರಿಗೂ ಹಿಮ ಕರಗಿಸಬೇಕು, ತಲೆನೋವು, ಊಟ ಸೇರದು, ನಿದ್ದೆ ಹತ್ತದು. ಎವರೆಸ್ಟಿನ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲತೀರದಲ್ಲಿ ಸಿಗುವುದರ ಮೂರನೇ ಒಂದು ಪಾಲು ಮಾತ್ರ. ಬರಿಯ ರೋಮಾಂಚನ ಬೇಕಾದವನಿಗೆ ಹೆದ್ದಾರಿಯಲ್ಲಿ ಒಂದು ಬೈಕು ಸಾಕು. ಬ್ರಿಟನ್ನಿನ ಬ್ಯಾಂಗೋರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪರ್ವತಾರೋಹಿಗಳನ್ನೂ ವಿಮಾನದಿಂದ ಧುಮುಕುವ ಸ್ಕೈಡೈವರ್‌ಗಳನ್ನೂ ಹೋಲಿಸಿ ನೋಡಿದರು. ಧುಮುಕುವವರಲ್ಲಿ ರೋಮಾಂಚನದ ಬಯಕೆ ಮುಖ್ಯವಾಗಿತ್ತು. ಹತ್ತುವವರಲ್ಲಿ ಎದ್ದು ಕಂಡದ್ದು ಬೇರೆ. ತಮ್ಮ ಬದುಕಿನ ಲಗಾಮು ತಮ್ಮ ಕೈಯಲ್ಲಿದೆ ಎಂಬ ಅನುಭವವನ್ನು ಅವರು ಬೆಟ್ಟದಲ್ಲಿ ಹುಡುಕುತ್ತಿದ್ದರು, ತಮ್ಮ ಭಾವನೆಗಳನ್ನು ಎದುರಿಸಿ ನಿಭಾಯಿಸುವುದನ್ನೂ ಅಲ್ಲೇ ಹುಡುಕುತ್ತಿದ್ದರು.

ಇದರ ಚಿಕ್ಕ ತುಣುಕೊಂದನ್ನು ನಾನೂ ಕಂಡಿದ್ದೇನೆ. ಯೌವನದಲ್ಲಿ ಬಂಡೆ ಹತ್ತುವ ಶಿಬಿರವೊಂದಕ್ಕೆ ಹೋಗಿದ್ದೆ. ನೆಲದಿಂದ ಮೂವತ್ತು ಅಡಿ ಮೇಲೆ ಬಲಗೈಯ ಎರಡು ಬೆರಳು ಬಿರುಕಿನೊಳಗೆ ಸಿಕ್ಕಿಕೊಂಡಿದ್ದವು, ಎಡಗಾಲಿನ ಹೆಬ್ಬೆರಳು ಅಂಗುಲದಷ್ಟು ಅಗಲದ ಅಂಚಿಗಾಗಿ ತಡಕಾಡುತ್ತಿತ್ತು, ಮೊಣಕಾಲು ಹೊಲಿಗೆ ಯಂತ್ರದ ಸೂಜಿಯಂತೆ ನಡುಗುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಬಾಕಿ ಉಳಿದ ಪರೀಕ್ಷೆಯಾಗಲಿ, ಮನೆಯ ಸಾಲವಾಗಲಿ ನೆನಪಿರಲಿಲ್ಲ. ಕಾಲಿಗೆ ಆ ಅಂಚು ಸಿಕ್ಕಿ, ದೇಹದ ಭಾರವೆಲ್ಲ ಅದರ ಮೇಲೆ ನಿಂತಾಗ ಆದ ಸಮಾಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಚೇರಿಯಲ್ಲಿ ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ತಿಂಗಳುಗಳು ಬೇಕು, ಕೆಲವೊಮ್ಮೆ ತಿಳಿಯುವುದೇ ಇಲ್ಲ. ಬಂಡೆ ಆ ಕ್ಷಣದಲ್ಲೇ ಹೇಳಿಬಿಡುತ್ತದೆ. ದಿನವಿಡೀ ಪರದೆಯ ಮುಂದೆ ಕೂರುವ ಮಗನಿಗೆ ಈ ನೇರವಾದ ಉತ್ತರ ಎಷ್ಟು ಬೇಕಾಗಿದೆಯೆಂದು ನಾನು ಊಹಿಸಬಲ್ಲೆ.

ನಿಮ್ಮ ತಂದೆಯವರನ್ನೂ ಒಮ್ಮೆ ನೆನೆಯಿರಿ. ಈಗ ಜೂನ್, ಜುಲೈ ತಿಂಗಳ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದಾಗ, ಕೆಲಸವಿಲ್ಲದಿದ್ದರೂ ಬಂದರಿಗೆ ಹೋಗಿ ಕಡಲನ್ನೇ ನೋಡುತ್ತ ನಿಲ್ಲುವ ಹಿರಿಯರನ್ನು ಮಲ್ಪೆಯಲ್ಲಿ ನಾನು ನೋಡಿದ್ದೇನೆ. ಹೊಟ್ಟೆಪಾಡು ಅವರನ್ನು ಕಡಲಿಗೆ ಇಳಿಸಿತು, ನಿಜ. ಆದರೆ ಗಾಳಿಯ ವಾಸನೆಯಿಂದಲೇ ನಾಳೆಯ ಹವೆಯನ್ನು ಹೇಳಬಲ್ಲೆನೆಂಬ ಹೆಮ್ಮೆಯೂ ಅವರಿಗಿತ್ತು. ಮಗ ಅಜ್ಜನಿಂದ ಪಡೆದದ್ದು ಆ ಹೆಮ್ಮೆಯ ಆಸೆಯಾಗಿರಬಹುದು. ಹಾಗೆಂದು ನೀವು ತೋರಿಸಿದ ವ್ಯತ್ಯಾಸ ಅಳಿಸಿಹೋಗುವುದಿಲ್ಲ, ಅಳಿಸಲೂಬಾರದು. 2014ರ ಏಪ್ರಿಲ್ 18ರಂದು ಎವರೆಸ್ಟಿನ ದಾರಿಯಲ್ಲಿ ಸಿಗುವ, ಒಡೆದ ಹಿಮಗಡ್ಡೆಗಳ ಇಳಿಜಾರಾದ ಖುಂಬು ಹಿಮಪ್ರಪಾತದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ 16 ಮಂದಿ ನೇಪಾಳಿಗರು ಬೇರೆಯವರ ಯಾತ್ರೆಗಾಗಿ ದುಡಿಯುತ್ತಿದ್ದವರು. ನಿಮ್ಮ ತಾಯಿ ಕಳೆದಂಥ ರಾತ್ರಿಗಳು ಆ ಮನೆಗಳಲ್ಲಿವೆ. ಯಾರ ಹೆಗಲ ಮೇಲಿನ ಹೊರೆಯಿಂದ ತನ್ನ ಶಿಖರ ಸಾಧ್ಯವಾಗುತ್ತದೆ ಎಂಬುದನ್ನು ಮಗ ತಿಳಿದಿರಬೇಕೆಂದು ನೀವು ಕೇಳುವುದು ನ್ಯಾಯವೇ.

ಅಷ್ಟೇನೂ ಸುಂದರವಲ್ಲದ ಕಾರಣಗಳೂ ಇವೆ. ನಾಲ್ಕು ಜನ ಮೆಚ್ಚಲಿ ಎಂಬ ಆಸೆ ಒಂದು. ಪಟ್ಟ ಕಷ್ಟವನ್ನು ಮನಸ್ಸು ಬೇಗನೆ ಮರೆತು ತುದಿಯ ಸಂತೋಷವನ್ನಷ್ಟೇ ಉಳಿಸಿಕೊಳ್ಳುವುದು ಇನ್ನೊಂದು. ಹೆರಿಗೆಯ ನೋವನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಇಷ್ಟು ಹಣ, ಇಷ್ಟು ರಜೆ ಸುರಿದು ಇಷ್ಟು ಹತ್ತಿರ ಬಂದ ಮೇಲೆ ಹಿಂದಿರುಗುವುದೇ ಎಂಬ ಹಟ. 1996ರ ಮೇ 10ರಂದು ಎವರೆಸ್ಟಿನಲ್ಲಿ ಹಲವರು ಹಿಂದಿರುಗಬೇಕಾದ ಹೊತ್ತಾದ ಮಧ್ಯಾಹ್ನ ಎರಡು ಗಂಟೆ ಕಳೆದ ಮೇಲೂ ತುದಿಯ ಕಡೆಗೇ ನಡೆದರು. ಇಳಿಯುವಾಗ ಬಿರುಗಾಳಿ ಹಿಡಿಯಿತು, ಎಂಟು ಮಂದಿ ಸತ್ತರು. ಎಚ್ಚರವೊಂದೇ ಎಲ್ಲರನ್ನೂ ಕಾಯುತ್ತದೆ ಎಂದೂ ನಾನು ಹೇಳಲಾರೆ. 2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತವಾದಾಗ ತರಬೇತಿಯಲ್ಲಿದ್ದವರೇ 25ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಆದ್ದರಿಂದ “ಏಕೆ ಹೋಗುತ್ತೀ” ಎಂಬ ಪ್ರಶ್ನೆಯನ್ನು ಸ್ವಲ್ಪ ದಿನ ಬದಿಗಿಡಿ. “ಈವರೆಗೆ ಎಲ್ಲಿಂದಲಾದರೂ ಅರ್ಧಕ್ಕೆ ತಿರುಗಿ ಬಂದಿದ್ದೀಯಾ ಮಗಾ, ಹೇಗೆ ನಿರ್ಧರಿಸಿದೆ?” ಎಂದು ಕೇಳಿ. ತಂಡದ ನಾಯಕ ಯಾರು, ಎಷ್ಟು ಗಂಟೆಗೆ ಹಿಂದಿರುಗಬೇಕೆಂಬ ನಿಯಮವಿದೆಯೇ, ವಿಮೆ ಇದೆಯೇ ಎಂದೂ ವಿಚಾರಿಸಿ. ತಿರುಗಿ ಬಂದ ಕಥೆಯನ್ನು ಅವನು ನಾಚಿಕೆಯಿಲ್ಲದೆ ಹೇಳಿದರೆ ನೀವು ಅರ್ಧ ನಿಶ್ಚಿಂತರಾಗಿರಬಹುದು. ಅಂಥ ಕಥೆಯೇ ಅವನಲ್ಲಿ ಇಲ್ಲವಾದರೆ, ಗಾಳಿಯ ಲಕ್ಷಣ ಕಂಡು ಅಜ್ಜ ದೋಣಿ ಇಳಿಸದೆ ಉಳಿದ ದಿನಗಳ ಕಥೆಯನ್ನು ನೀವೇ ಅವನಿಗೆ ಹೇಳಿ.

ಪ್ರಶ್ನೆ: ನನಗೆ ಎತ್ತರವೆಂದರೆ ಭಯ. ಆದರೂ ಬೆಟ್ಟ ಹತ್ತುವ ಆಸೆಯಿದೆ. ಭಯವಿಲ್ಲದವರಿಗೆ ಮಾತ್ರವೇ ಇದು?
– ಪದವಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಖಂಡಿತ ಅಲ್ಲ. ಹಗ್ಗದ ಗಂಟನ್ನು ಎರಡನೆಯ ಬಾರಿ ಮುಟ್ಟಿ ನೋಡುವಂತೆ ಮಾಡುವುದು ಭಯವೇ, ಮತ್ತು ಭಯವೇ ಇಲ್ಲವೆನ್ನುವವರ ಜೊತೆ ಹಗ್ಗ ಕಟ್ಟಿಕೊಳ್ಳಲು ಅನುಭವಿಗಳು ಹಿಂಜರಿಯುತ್ತಾರೆ. ಮೊದಲು ಬೆಳ್ತಂಗಡಿಯ ಗಡಾಯಿಕಲ್ಲಿಗೆ ಹೋಗಿ ಬನ್ನಿ; ಟಿಪ್ಪುವಿನ ಕಾಲದ ಆ ಕೋಟೆಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳಿವೆ. ಮಳೆಗಾಲದಲ್ಲಿ ಬೇಡ, ಕಲ್ಲು ಜಾರುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಜೊತೆಗೆ ಒಬ್ಬರಿರಲಿ, ತಲೆ ಸುತ್ತಿದ ಮೆಟ್ಟಿಲಿನಲ್ಲೇ ಕುಳಿತುಬಿಡಿ. ಅಂದು ಅಲ್ಲಿಂದಲೇ ಇಳಿದು ಬಂದರೂ ಸರಿ, ಮುಂದಿನ ತಿಂಗಳು ಅದಕ್ಕಿಂತ ಹತ್ತು ಮೆಟ್ಟಿಲು ಮೇಲೆ ಹೋದರಾಯಿತು.