ವೈದ್ಯರನ್ನು ಕೇಳಿ: ಪಾರ್ಕಿನ್ಸನ್ ಮಾತ್ರೆಗೂ ಊಟಕ್ಕೂ ನಡುವಿನ ಅರ್ಧ ಗಂಟೆ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪ ಮತ್ತು ಕಾರ್ಬಿಡೋಪ ಸೇರಿದ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು ಕೊಡುತ್ತಿದ್ದೇವೆ. ಬೆಳಗಿನದನ್ನು ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನುಂಗುತ್ತಾರೆ, ಉಳಿದೆರಡನ್ನು ಊಟವಾದ ಮೇಲೆ. ಬೆಳಗಿನ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನದ್ದು ಕೆಲವು ದಿನ ನುಂಗಿಯೇ ಇಲ್ಲವೇನೋ ಎನ್ನುವಂತಿರುತ್ತದೆ, ಸಂಜೆಯವರೆಗೂ ಕುರ್ಚಿಯಿಂದ ಏಳಲಾಗುವುದಿಲ್ಲ. ಮಧ್ಯಾಹ್ನ ಒಂದೂವರೆ ಮಾತ್ರೆ ಕೊಡಬಹುದೇ? ಈಚೆಗೆ ಬೇರೊಬ್ಬ ವೈದ್ಯರು ಹೊಟ್ಟೆಯುಬ್ಬರಕ್ಕೆ ಗ್ಯಾಸಿನ ಕ್ಯಾಪ್ಸೂಲನ್ನೂ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ಬರೆದಿದ್ದಾರೆ.
— ಓದುಗರೊಬ್ಬರು, ತಿಪಟೂರು

ಉತ್ತರ: ಒಂದೂವರೆ ಮಾತ್ರೆ ಕೊಡಬೇಡಿ. ನಿಮ್ಮ ಪತ್ರ ಓದಿದರೆ ತೊಂದರೆ ಮಾತ್ರೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದನ್ನು ಕೊಡುವ ಹೊತ್ತಿನಲ್ಲಿರುವಂತೆ ಕಾಣುತ್ತದೆ.

ಲೆವೊಡೋಪ ಸಣ್ಣ ಕರುಳಿನಲ್ಲಿ ಹೀರಿಕೊಂಡು, ರಕ್ತದ ಮೂಲಕ ಮಿದುಳನ್ನು ಸೇರಿ, ಅಲ್ಲಿ ಮೈಕೈ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವಾಗಿ ಬದಲಾಗಬೇಕು. ದಾರಿಯಲ್ಲೇ ಆ ಬದಲಾವಣೆ ಆಗದಂತೆ ತಡೆಯುವ ಕೆಲಸ ಕಾರ್ಬಿಡೋಪದ್ದು. ಕಾಳು, ಬೇಳೆ, ಮೊಸರು, ಮೊಟ್ಟೆ, ಮಾಂಸಗಳ ಪ್ರೋಟೀನ್ ಜೀರ್ಣವಾದಾಗ ಹೊರಬರುವ ಅಮೈನೋ ಆಮ್ಲಗಳೂ ಕರುಳನ್ನು ದಾಟಲು, ಮಿದುಳನ್ನು ಹೊಗಲು ಲೆವೊಡೋಪ ಹಾದುಹೋಗುವ ಬಾಗಿಲನ್ನೇ ಬಳಸುತ್ತವೆ. ಮುದ್ದೆ, ಅವರೆಕಾಳಿನ ಸಾರು, ಮೊಸರನ್ನ ಎಲ್ಲ ಮುಗಿಸಿ ಮಾತ್ರೆ ನುಂಗಿದರೆ, ತುಂಬಿದ ಹೊಟ್ಟೆಯಿಂದ ಅದು ಕರುಳಿಗೆ ಇಳಿಯುವುದೇ ತಡವಾಗುತ್ತದೆ, ಇಳಿದ ಮೇಲೂ ಆ ಬಾಗಿಲಲ್ಲಿ ನೂಕುನುಗ್ಗಲಿರುತ್ತದೆ. ಕೆಲವು ದಿನ ಮಾತ್ರ ಹೀಗಾಗುತ್ತದೆ ಎಂದಿದ್ದೀರಿ. ಆ ದಿನಗಳಲ್ಲಿ ಅಡುಗೆ ಏನಿತ್ತು ಎಂದು ಮನೆಯಲ್ಲಿ ಕೇಳಿ ನೋಡಿ.

ಆದ್ದರಿಂದ ಮಧ್ಯಾಹ್ನದ ಮತ್ತು ರಾತ್ರಿಯ ಮಾತ್ರೆಗಳನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಒಂದು ಲೋಟ ನೀರಿನ ಜೊತೆ ಕೊಡಿ. ಮೊದಲು ಕೊಡಲು ಮರೆತಿದ್ದರೆ ಊಟವಾಗಿ ಒಂದು ಗಂಟೆಯಾದರೂ ಕಳೆಯಲಿ. ಬರಿಹೊಟ್ಟೆಯಲ್ಲಿ ವಾಕರಿಕೆ ಬಂದರೆ ಎರಡು ಬಿಸ್ಕತ್ತೋ ಒಂದು ಬಾಳೆಹಣ್ಣೋ ಸಾಕು, ಆ ಹೊತ್ತಿನಲ್ಲಿ ಹಾಲು ಬೇಡ. ಹೀಗೆಂದು ಕಾಳು ಬೇಳೆಯನ್ನೇ ಬಿಡಿಸಬೇಡಿ, ಈ ಕಾಯಿಲೆಯವರು ಮೊದಲೇ ತೂಕ ಇಳಿದು ಸೊರಗುತ್ತಾರೆ. ಒಂದು ವಾರ ಮಾತ್ರೆ ನುಂಗಿದ ಸಮಯ, ಊಟದ ಸಮಯ, ಮೈ ಹಗುರವಾಗಿ ನಡೆದಾಡಿದ ಗಂಟೆಗಳು ಮತ್ತು ಬಿಗಿದುಕೊಂಡ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊತ್ತು ಸರಿಪಡಿಸಿದ ಮೇಲೂ ಮಧ್ಯಾಹ್ನ ಹಾಗೇ ಇದ್ದರೆ, ಪ್ರಮಾಣ ಹೆಚ್ಚಿಸಬೇಕೇ ಅಥವಾ ಮಾತ್ರೆಗಳ ನಡುವಿನ ಅಂತರ ಕಡಿಮೆ ಮಾಡಬೇಕೇ ಎಂಬುದನ್ನು ನರರೋಗ ತಜ್ಞರು ಆ ಪುಟ ನೋಡಿಯೇ ತೀರ್ಮಾನಿಸಬಲ್ಲರು. ಒಂದು ಹೊತ್ತು ತಪ್ಪಿದರೆ ನೆನಪಾದಾಗ ಕೊಡಿ; ಮುಂದಿನದರ ಸಮಯ ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ, ಎರಡನ್ನೂ ಒಟ್ಟಿಗೆ ಕೊಡಬೇಡಿ.

ಕಬ್ಬಿಣಾಂಶವು ಲೆವೊಡೋಪಕ್ಕೆ ಅಂಟಿಕೊಂಡು ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ; ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ.

ನನಗೆ ಹೆಚ್ಚು ಆತಂಕ ತಂದದ್ದು ಆ ಗ್ಯಾಸಿನ ಕ್ಯಾಪ್ಸೂಲು. ಅದರ ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಬೆಳಕಿನಲ್ಲಿ ಓದಿ. ಪ್ಯಾಂಟೊಪ್ರಜೋಲ್ ಅಥವಾ ರಾಬಿಪ್ರಜೋಲ್ ಮಾತ್ರ ಇದ್ದರೆ ಚಿಂತೆಯಿಲ್ಲ. ಜೊತೆಗೆ ಲೆವೊಸಲ್ಪಿರೈಡ್ ಎಂದಿದ್ದರೆ, ಅದನ್ನು ಬರೆದ ವೈದ್ಯರಿಗೆ ಅಂದೇ ಫೋನ್ ಮಾಡಿ, ತಂದೆಯವರಿಗೆ ಪಾರ್ಕಿನ್ಸನ್ ಇದೆಯೆಂದು ತಿಳಿಸಿ ಬದಲಿ ಕೇಳಿ. ಅದು ಡೋಪಮಿನ್‌ನ ಕೆಲಸವನ್ನೇ ತಡೆಯುವ ಔಷಧಿ. ಒಂದು ಕಡೆ ಲೆವೊಡೋಪ ಕೊಟ್ಟು ಇನ್ನೊಂದು ಕಡೆ ಇದನ್ನು ಕೊಟ್ಟರೆ ಬಿಗಿತ, ನಡುಕ ಎರಡೂ ಹೆಚ್ಚಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಆಸ್ಪತ್ರೆಯಲ್ಲಿ ರೋಗಿ ಗಲಾಟೆ ಮಾಡಿದಾಗ ಚುಚ್ಚುವ ಹ್ಯಾಲೊಪೆರಿಡಾಲ್ ಇವೆಲ್ಲ ಇದೇ ಕಾರಣಕ್ಕೆ ಪಾರ್ಕಿನ್ಸನ್ ರೋಗಿಗಳಿಗೆ ಸಲ್ಲದವು. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ತಂದೆಯವರ ಆಸ್ಪತ್ರೆಯ ಫೈಲಿನ ಮೊದಲ ಪುಟಕ್ಕೆ ಅಂಟಿಸಿಡಿ.

ಪ್ರಶ್ನೆ: ನಮ್ಮ ಅತ್ತೆಯವರಿಗೂ ಇದೇ ಕಾಯಿಲೆ. ಇಂಗ್ಲಿಷ್ ಮಾತ್ರೆ ಸಾಕಾಯಿತೆಂದು ನಸುಗುನ್ನಿ ಬೀಜದ ಪುಡಿ ತರಿಸಿಕೊಂಡಿದ್ದಾರೆ. ಮಾತ್ರೆ ನಿಲ್ಲಿಸಿ ಅದನ್ನು ಕೊಡಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ಲೆವೊಡೋಪ ತೆಗೆದುಕೊಂಡವರು ಥಟ್ಟನೆ ಬಿಟ್ಟಾಗ ತೀವ್ರ ಜ್ವರ, ಮರಗಟ್ಟಿದಂತಹ ಬಿಗಿತ, ಪ್ರಜ್ಞೆ ಮಸುಕಾಗುವುದು ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಹಾಗೇನಾದರೂ ಆದರೆ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು.

ನಸುಗುನ್ನಿಯ ಮೇಲಿನ ನಂಬಿಕೆಗೆ ಆಧಾರವಿಲ್ಲದಿಲ್ಲ. ಆ ಬೀಜದಲ್ಲಿ ಸಹಜವಾಗಿಯೇ ಲೆವೊಡೋಪ ಇದೆ, ಆಯುರ್ವೇದ ಅದನ್ನು ಕಪಿಕಚ್ಚು ಎಂಬ ಹೆಸರಿನಲ್ಲಿ ಬಹುಕಾಲದಿಂದ ಬಳಸಿದೆ. ತೊಂದರೆ ಅಳತೆಯದು. ಒಂದು ಚಮಚ ಪುಡಿಯಲ್ಲಿ ಎಷ್ಟು ಲೆವೊಡೋಪ ಇದೆಯೆಂಬುದು ಬೀಜದಿಂದ ಬೀಜಕ್ಕೆ, ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆ. ಜೊತೆಯಲ್ಲಿ ಕಾರ್ಬಿಡೋಪವೂ ಇಲ್ಲದ್ದರಿಂದ ವಾಕರಿಕೆ ಹೆಚ್ಚಬಹುದು. ಮಾತ್ರೆಯ ಮೇಲೆ ಪುಡಿಯನ್ನೂ ಸೇರಿಸಿದರೆ ಎರಡು ಕಡೆಯಿಂದ ಒಂದೇ ಔಷಧಿ ಹೋದಂತಾಗಿ, ಕೈಕಾಲು ತಾವಾಗಿಯೇ ತಿರುಚಿಕೊಳ್ಳುವುದು, ರಕ್ತದೊತ್ತಡ ಇಳಿಯುವುದು, ಇಲ್ಲದವರು ಇದ್ದಂತೆ ಕಾಣುವುದು ಶುರುವಾಗಬಹುದು. ಅತ್ತೆಯವರನ್ನು ಗದರಿಸಬೇಡಿ, ಮಾತ್ರೆ ಯಾಕೆ ಸಾಕಾಯಿತೆಂದು ಸಮಾಧಾನದಿಂದ ಕೇಳಿ. ವಾಕರಿಕೆಯೋ ನಿದ್ದೆಯೋ ಕಾರಣವಾಗಿದ್ದರೆ ಅದಕ್ಕೆ ಪರಿಹಾರವಿದೆ. ಪುಡಿಯ ಪೊಟ್ಟಣವನ್ನೂ ಜೊತೆಗೆ ಒಯ್ದು ನರರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ಮಾತ್ರೆ ಶುರುವಾದಂದಿನಿಂದ ಮೂತ್ರದ ಬಣ್ಣ ಗಾಢವಾಗಿದೆ, ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲಿಟ್ಟಂತಾಗುತ್ತದೆ. ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಲೆವೊಡೋಪದಿಂದ ಮೂತ್ರ, ಬೆವರು ಕಂದು ಅಥವಾ ಕೆಂಪು ಛಾಯೆಗೆ ತಿರುಗುವುದುಂಟು, ಅದರಿಂದ ಅಪಾಯವಿಲ್ಲ. ಉರಿ, ನೋವು, ಜ್ವರ ಜೊತೆಗಿದ್ದರೆ ಮಾತ್ರ ಪರೀಕ್ಷೆ ಮಾಡಿಸಿ.

ಕಣ್ಣು ಕತ್ತಲಿಡುವುದನ್ನು ಹಾಗೆ ಬಿಡುವಂತಿಲ್ಲ. ಈ ಕಾಯಿಲೆಯೂ ಅದರ ಮಾತ್ರೆಯೂ ಎದ್ದು ನಿಂತಾಗಿನ ರಕ್ತದೊತ್ತಡವನ್ನು ಇಳಿಸುತ್ತವೆ, ಬಿಪಿ ಮಾತ್ರೆ ಇನ್ನಷ್ಟು ಇಳಿಸುತ್ತದೆ, ವಯಸ್ಸಾದವರಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಲು ಅಷ್ಟು ಸಾಕು. ಏಳುವಾಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕುಳಿತು, ಏನನ್ನಾದರೂ ಹಿಡಿದು ನಿಲ್ಲಿ. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷವಾದ ಮೇಲೆ ಮತ್ತೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದನ್ನು ಬರೆದುಕೊಂಡು ಇದೇ ವಾರ ವೈದ್ಯರನ್ನು ಕಾಣಿ. ಬಿಪಿ ಮಾತ್ರೆಯನ್ನು ಕಡಿಮೆ ಮಾಡಬೇಕೇ ಎಂದು ಅವರು ಹೇಳುತ್ತಾರೆ. ಅಲ್ಲಿಯವರೆಗೆ ಎರಡರಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಸ್ಕೂಟರನ್ನೂ ಓಡಿಸಬೇಡಿ.