16 ಗೇಜ್ ಬಂದೂಕು ಮೂಲೆಗೆ ಬಿದ್ದದ್ದೇಕೆ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ, ಸ್ಕೀಟ್ ಶೂಟಿಂಗ್ (ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಆಟ) ಕಲಿಯುತ್ತಿದ್ದೇನೆ. 1930ರ ದಶಕದ 16 ಗೇಜ್ ಜೋಡುನಳಿಗೆ ಬಂದೂಕೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಕ್ಲಬ್ಬಿನಲ್ಲಿ ಎಲ್ಲರ ಕೈಯಲ್ಲೂ 12 ಇಲ್ಲವೇ 20. 16 ಯಾರಿಗೂ ಬೇಡವಾದದ್ದೇಕೆ? ಕೊಳ್ಳಬಹುದೇ?

ಉತ್ತರ: ಗೇಜ್ ಎಂದರೆ ನಳಿಗೆಯ ಅಗಲದ ಅಳತೆ; ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು. 16 ಗೇಜಿನಲ್ಲಿ ದೋಷವೇನಿಲ್ಲ. ಒಂದು ಔನ್ಸ್, ಅಂದರೆ 28 ಗ್ರಾಂ ಚರೆಗೆ ಅದು ಹೇಳಿ ಮಾಡಿಸಿದ ಅಳತೆ. ಅದಕ್ಕೆ ಪೆಟ್ಟು ಕೊಟ್ಟದ್ದು ಮುಖ್ಯವಾಗಿ ಸ್ಪರ್ಧೆಯ ನಿಯಮ. ಅಮೆರಿಕದ ಸ್ಕೀಟ್‌ನಲ್ಲಿ 12, 20, 28 ಮತ್ತು .410ಕ್ಕೆ (ಇದೊಂದು ಇಂಚಿನಲ್ಲಿ ಹೇಳುವ ಅಗಲ) ಬೇರೆ ಬೇರೆ ವಿಭಾಗಗಳಿವೆ, 16ಕ್ಕೆ ಇಲ್ಲ. 16 ಹಿಡಿದವರು 12ರ ವಿಭಾಗದಲ್ಲೇ ಆಡಬೇಕು. ಹಾಗಿರುವಾಗ 12ನ್ನೇ ಕೊಳ್ಳುವುದು ಲೇಸಲ್ಲವೇ? ಬೇಡಿಕೆ ಕುಗ್ಗಿದಂತೆ ತೋಟಾಗಳೂ ಅಪರೂಪವಾದವು, ದುಬಾರಿಯಾದವು.

ಬೇಟೆಗಾರರ ಬೆಂಬಲವೂ ಉಳಿಯಲಿಲ್ಲ. 1950ರ ದಶಕದಲ್ಲಿ ಬಂದ ಮೂರಿಂಚಿನ 20 ಗೇಜ್ ಮ್ಯಾಗ್ನಮ್ ಎಂಬ ಜೋರಿನ ತೋಟಾ ಒಂದೂಕಾಲು ಔನ್ಸ್ ಚರೆ ಹೊರತೊಡಗಿತು. ಇತ್ತ 12ಕ್ಕೂ 28, 24 ಗ್ರಾಂನ ಹಗುರ ತೋಟಾಗಳು ಬಂದವು. ಜೊತೆಗೆ ಹಲವು ಕಂಪನಿಗಳು ಖರ್ಚು ಉಳಿಸಲು 16ರ ನಳಿಗೆಯನ್ನು 12ರ ಚೌಕಟ್ಟಿಗೇ ಕೂರಿಸಿದವು. ಹಗುರವೇ 16ರ ಹೆಚ್ಚುಗಾರಿಕೆಯಾಗಿತ್ತು, ಅದೇ ಹೋಯಿತು! 2016ರಲ್ಲಿ ಬ್ರೌನಿಂಗ್ ಕಂಪನಿ ಚಿಕ್ಕ ಚೌಕಟ್ಟಿನ ಸ್ವೀಟ್ ಸಿಕ್ಸ್‌ಟೀನ್ ಎಂಬ 16 ಗೇಜ್ ಬಂದೂಕನ್ನು ಮತ್ತೆ ತಂದರೂ ಅದರ ಗಿರಾಕಿಗಳು ಹೆಚ್ಚಾಗಿ ಹಕ್ಕಿ ಬೇಟೆಯವರು.

ಇನ್ನು ನೀವು ನೋಡಿರುವ ಬಂದೂಕು. ದುಡ್ಡು ಕೊಡುವ ಮೊದಲು ಅದರ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ ಉದ್ದವನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ನಿಂದ ಅಳೆಸಿ. ಆ ಕಾಲದ ಎಷ್ಟೋ 16ಗಳ ಚೇಂಬರ್ 65 ಮಿ.ಮೀ.; ಈಗಿನ ತೋಟಾ 70 ಮಿ.ಮೀ. ತೊಡಕೆಂದರೆ, 70 ಎಂಬುದು ಹಾರಿಸಿದ ಮೇಲಿನ ಉದ್ದ. ಬಾಯಿ ಮಡಚಿದ ಹೊಸ ತೋಟಾ ಇನ್ನೂ ಗಿಡ್ಡವಾಗಿರುವುದರಿಂದ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚಿಕೊಳ್ಳುತ್ತದೆ. ಕುದುರೆ ಎಳೆದಾಗ ಬಿಚ್ಚಿಕೊಳ್ಳುವ ಬಾಯಿ ಚೇಂಬರಿನಾಚೆಯ ಕಿರಿದಾದ ಭಾಗಕ್ಕೆ ಚಾಚಿ ಚರೆಯ ದಾರಿಯನ್ನು ಬಿಗಿಯುತ್ತದೆ, ಒತ್ತಡ ಏರುತ್ತದೆ. ‘ಸರಿಯಾಗಿ ಕೂತಿತು’ ಎಂಬುದನ್ನು ನಂಬಬೇಡಿ. 65 ಮಿ.ಮೀ. ತೋಟಾವನ್ನೇ ತರಿಸಿ, ಇಲ್ಲವೇ ನಳಿಗೆಯ ಗೋಡೆ ಸಾಕಷ್ಟು ದಪ್ಪವಿದ್ದರೆ ಚೇಂಬರ್ ಕೊರೆಸಿ.

ಚೋಕ್, ಅಂದರೆ ನಳಿಗೆಯ ತುದಿಯ ಕಿರಿದುಗೊಳಿಸಿದ ಭಾಗವನ್ನೂ ಅಳೆಸಿ. ಹಳೆಯ ಬೇಟೆ ಬಂದೂಕುಗಳಲ್ಲಿ ಅದು ಬಿಗಿಯಾಗಿರುವುದೇ ಹೆಚ್ಚು. ಸ್ಕೀಟ್‌ನಲ್ಲಿ ಗುರಿ ಸಿಗುವುದು ಸುಮಾರು 20 ಮೀಟರಿನಲ್ಲಿ. ಅಲ್ಲಿ ಫುಲ್ (ತೀರಾ ಬಿಗಿ) ಚೋಕಿನ ಚರೆ ಹೆಚ್ಚು ಹರಡುವುದಿಲ್ಲ, ಕಲಿಯುವವರಿಗೆ ಸಾಲು ಸಾಲು ತಪ್ಪು. ಅಂಥ ನಳಿಗೆಯಲ್ಲಿ ಉಕ್ಕಿನ ಚರೆಯಂತೂ ಬೇಡವೇ ಬೇಡ.

ಚೇಂಬರ್ 70 ಇದ್ದು ಒಂದು ನಳಿಗೆಯಾದರೂ ಸಡಿಲ ಚೋಕಿನದಾದರೆ ಕೊಳ್ಳಿ. ಸ್ಪರ್ಧೆಗಿಳಿಯುವ ಯೋಚನೆ ಇದ್ದರೆ ಅದೇ ದುಡ್ಡಿಗೆ ಹಳೆಯ 12 ಗೇಜ್ ಹುಡುಕಿ.